ಸಂಜೆಯೊಳಗೆ ಕಾಣಬಾರದ ಗುರುತು

ನಮ್ಮ ಅತ್ತೆಗೆ ಮಕ್ಕಳ ಮುಖ ನೆನಪಿರುತ್ತಿರಲಿಲ್ಲ, ಮೊಣಕಾಲು ನೆನಪಿರುತ್ತಿದ್ದವು. ರಸ್ತೆಯಲ್ಲಿ ಮೀಸೆ ಚಿಗುರಿದ ಹುಡುಗನೊಬ್ಬ ನಿಂತು "ಚೆನ್ನಾಗಿದ್ದೀರಾ ಅಜ್ಜಿ?" ಎಂದರೆ ಇವರು ಮುಖ ನೋಡಿ ಪೆಚ್ಚಾಗಿ ನಿಲ್ಲುವರು. ಆಮೇಲೆ ಕಣ್ಣು ನಿಧಾನವಾಗಿ ಕೆಳಗಿಳಿಯುತ್ತಿತ್ತು. "ಓ, ನೀನಾ! ಜಾರುಬಂಡೆಯಿಂದ ಬಿದ್ದವನು! ಪ್ಯಾಂಟು ಎತ್ತು, ಏನಾದ್ರೂ ಉಳಿದಿದೆಯಾ ನೋಡೋಣ." ಹುಡುಗನ ಗೆಳೆಯರೆಲ್ಲ ಬಿದ್ದು ಬಿದ್ದು ನಗುವರು. ಅವನು ಕೆಂಪಾಗಿ, ನಡುರಸ್ತೆಯಲ್ಲಿ ಪ್ಯಾಂಟು ಮಡಿಸಲೂ ಆಗದೆ ಬಿಡಲೂ ಆಗದೆ ಒದ್ದಾಡುವನು. ಅತ್ತೆಯ ಕೈ ಹಿಡಿದು ಎಳೆದುಕೊಂಡು ಬರುವುದು ನನ್ನ ಪಾಲಿನ ಕೆಲಸ.

ಮಕ್ಕಳು ಅವರಿಗೆ ಇಟ್ಟ ಹೆಸರು ಮುಲಾಮಜ್ಜಿ. ನಮ್ಮ ಬೀದಿಯ ಡೇ ಕೇರ್‌ನಲ್ಲಿ ಅವರು ಆಯಾ ಆಗಿದ್ದರು. ಅದರ ಎದುರಿಗೇ ನಾನು ಕೆಲಸ ಮಾಡುವ ಲಾಂಡ್ರಿ. ನನ್ನ ಇಸ್ತ್ರಿ ಮೇಜು ಅಂಗಡಿಯ ಮುಂಭಾಗದಲ್ಲಿದೆ. ತಲೆ ಎತ್ತಿದರೆ ಡೇ ಕೇರ್‌ನ ಹಸಿರು ಗೇಟು. ಹಿಂದೆ ಬಟ್ಟೆ ಗಂಟುಗಳ ನಡುವೆ ನನ್ನ ಮಗ ತೆವಳುತ್ತಾ, ಯಾರದೋ ಅಂಗಿಯ ಮೇಲೆ ಉಚ್ಚೆ ಹೊಯ್ಯುತ್ತಾ ಬೆಳೆಯುತ್ತಿದ್ದ. ಗಂಡನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. "ನಮ್ಮನೆ ಹೆಂಗಸರಿಬ್ಬರದೂ ಒಂದೇ ಕಸುಬು, ಒಬ್ಬಳು ಬಟ್ಟೆ ಕಲೆ ತೆಗೀತಾಳೆ, ಇನ್ನೊಬ್ಬಳು ಮಕ್ಕಳ ಕಲೆ ತೆಗೀತಾಳೆ" ಎಂದು ಊಟಕ್ಕೆ ಕೂತಾಗ ಆಡಿಕೊಳ್ಳುತ್ತಿದ್ದ. ಅತ್ತೆ ಅದಕ್ಕೆ ಹಿಗ್ಗುತ್ತಿದ್ದರು. ನನಗೆ ಆಗಲೂ ಅದು ಅಷ್ಟೇನೂ ನಗು ತರಿಸುತ್ತಿರಲಿಲ್ಲ.

ಹುಟ್ಟಾ ಅವರಿಗೆ ಗಾಯ ವಾಸಿ ಮಾಡುವ ಈ ವಿದ್ಯೆ ಬರುತ್ತಿತ್ತು ಎಂದುಕೊಳ್ಳಬೇಡಿ. ಹರೆಯದಲ್ಲಿ ಅವರೂ ಎಲ್ಲರಂತೆ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿದವರೇ, ರಕ್ತ ಬಂದ ಕಡೆ ಕಾಫಿಪುಡಿ ಒತ್ತಿದವರೇ. ನನ್ನ ಗಂಡನ ಹುಬ್ಬಿನ ಮೇಲೆ ಈಗಲೂ ಒಂದು ಗುರುತಿದೆ, ಕಂಬಳಿಹುಳು ಸತ್ತು ಬಿದ್ದ ಹಾಗೆ. ಅದು ಆ ಕಾಫಿಪುಡಿಯ ಪ್ರಸಾದ. ಆಮೇಲೆ ಮಾವ ತೀರಿಕೊಂಡರು, ಇವರು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಆಯಾ ಕೆಲಸಕ್ಕೆ ಸೇರಿದರು. ಅಲ್ಲಿದ್ದ ಹೆಡ್ ನರ್ಸ್ ಮೊದಲ ವಾರವೇ ಗ್ರಹಚಾರ ಬಿಡಿಸಿದ್ದಳಂತೆ. "ಗಾಯದ ಮೇಲೆ ಅಡುಗೆ ಮಾಡ್ತೀರೇನ್ರಿ? ನೀರಲ್ಲಿ ತೊಳೀರಿ, ಸೋಪು ಹಾಕಿ ತೊಳೀರಿ, ಆಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ ಮುಚ್ಚಿ. ಅಷ್ಟೇ." ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಮಗು ಕೀಳುತ್ತದೆ, ಕಿತ್ತರೆ ಕಲೆ ಉಳಿಯುತ್ತದೆ. ಗಾಯ ಮಾಯ್ದ ಮೇಲೆ ಬಿಸಿಲಿಗೆ ಬಿಡಬಾರದು, ಬಿಟ್ಟರೆ ಕಪ್ಪಾಗುತ್ತದೆ. ಚರ್ಮ ಪೂರ್ತಿ ಕೂಡಿದ ಮೇಲೆ ಬೆರಳ ತುದಿಯಲ್ಲಿ ದಿನಾ ಮೆತ್ತಗೆ ತಿಕ್ಕಬೇಕು. ಅವಳು ಹೇಳಿದ್ದೆಲ್ಲವನ್ನೂ ಅತ್ತೆ ಕಣ್ಣಿಗೊತ್ತಿಕೊಂಡು ಕಲಿತರು. ಬೇರೆ ಯಾವ ಮಾತಿನಲ್ಲೂ ಅವರಿಗೆ ಅಂಥ ಶ್ರದ್ಧೆ ಇರಲಿಲ್ಲ. ನನ್ನ ಅಡುಗೆಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಅವರಿಗೆ ತಿಳಿಯುತ್ತಿರಲಿಲ್ಲ. ಮಗುವಿನ ಗಲ್ಲದ ಮೇಲೆ ಕೂದಲೆಳೆಯಷ್ಟು ಗೀರಿದ್ದರೆ ಆಚೆ ಬೀದಿಯಿಂದಲೇ ಕಾಣುತ್ತಿತ್ತು.

ಡೇ ಕೇರ್‌ನ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ, ಬಾಯಿಗೆ ಬರುವ ಬೇರೆ ಹೆಸರುಗಳನ್ನು ನುಂಗಿಕೊಂಡು. ಆಕೆ ಅತ್ತೆಯನ್ನು ಕೆಲಸಕ್ಕೆ ಕರೆದದ್ದೇ ಈ ಕೈಗುಣ ನೋಡಿ. ಮಕ್ಕಳೆಂದ ಮೇಲೆ ಬೀಳುತ್ತವೆ, ಒಂದನ್ನೊಂದು ಪರಚುತ್ತವೆ, ಕಚ್ಚುತ್ತವೆ. ಆದರೆ ಸಂಜೆ ಗೇಟಿನ ಹತ್ತಿರ ಬರುವ ಅಪ್ಪ ಅಮ್ಮಂದಿರನ್ನು ನೋಡಬೇಕು. ಬಾಡಿಗೆಗೆ ಕೊಟ್ಟ ಗಾಡಿಯನ್ನು ವಾಪಸ್ ತೆಗೆದುಕೊಳ್ಳುವವರ ಹಾಗೆ ಮಗುವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ತಾವು ಬೆಳಗಿನಿಂದ ಸಂಜೆಯವರೆಗೆ ಮುಖ ನೋಡಿಲ್ಲ ಎಂಬ ಸಂಕಟವನ್ನೆಲ್ಲ ಒಂದು ಗೀರಿನ ಮೇಲೆ ತೀರಿಸಿಕೊಳ್ಳುತ್ತಾರೆ. ನಾನೂ ತಾಯಿ, ಅವರನ್ನು ಬೈಯಲಾರೆ. ಅದಕ್ಕೆ ಮೇಡಂ ಮಾಡಿದ ಕಾನೂನು ಒಂದೇ: ಸಂಜೆಯೊಳಗೆ ಗುರುತು ಕಾಣಬಾರದು. ಮೊದಮೊದಲು "ಇವತ್ತು ಸ್ವಲ್ಪ ಬಿದ್ದಿದ್ದ, ಔಷಧಿ ಹಚ್ಚಿದ್ದೀವಿ" ಎಂದು ಹೇಳಿ ಕಳಿಸುತ್ತಿದ್ದರು. ಅತ್ತೆಯ ಕೈಗುಣ ತಿಳಿದ ಮೇಲೆ ಆ ಮಾತೂ ನಿಂತಿತು. "ಕಾಣ್ದೇ ಇರೋದನ್ನ ಯಾಕೆ ಹೇಳಿ ಎದೆ ಒಡೆಸೋದು?" ಎನ್ನುತ್ತಿದ್ದಳು ಮೇಡಂ. ಅತ್ತೆಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಪಾಲಿಗೆ ಅದು ತಮ್ಮ ಕೈಗೆ ಸಿಕ್ಕ ಮರ್ಯಾದೆ.

ಹಾಲ್‌ನ ಕಿಟಕಿ ಪಕ್ಕದಲ್ಲಿ, ಬೆಳಕು ಚೆನ್ನಾಗಿ ಬೀಳುವ ಜಾಗದಲ್ಲಿ, ಅತ್ತೆಯ ಮೋಟು ಸ್ಟೂಲು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು, ಹತ್ತಿ, ಮೆತ್ತನೆ ಬಟ್ಟೆ, ವ್ಯಾಸಲೀನ್ ಡಬ್ಬಿ, ಒಂದೆರಡು ಟ್ಯೂಬು. ಮಗುವಿಗೆ ಏನಾದರೂ ಆಯಿತೋ, ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಳ್ಳುವರು. ತಣ್ಣೀರು ಬಟ್ಟೆ ಒತ್ತಿ ಹಿಡಿದು, "ಶ್... ಅಳಬಾರದು. ಅಮ್ಮ ಬರೋ ಹೊತ್ತಿಗೆ ಮಾಯ!" ಎನ್ನುವರು. ತುಟಿಯ ಮೇಲೆ ಬೆರಳಿಟ್ಟು ಅವರು ಹಾಗೆ "ಶ್" ಎಂದರೆ ಎಂಥ ಹಟಮಾರಿಯೂ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಬಹಳ ಮಕ್ಕಳಿಗೆ ಅದೊಂದು ಆಟ. ಬೀಳದಿದ್ದವೂ ಬಂದು ಮೊಣಕೈ ತೋರಿಸಿ "ನಂಗೂ ಮಾಯ" ಎನ್ನುತ್ತಿದ್ದವಂತೆ.

ಆ ಮಗುವಿಗೆ ಅದು ಆಟವಾಗಲಿಲ್ಲ. ಅವಳನ್ನು ಅತ್ತೆ ಗುಬ್ಬಿ ಎನ್ನುತ್ತಿದ್ದರು. ಮೂರು ತುಂಬಿದ್ದರೂ ಮಾತು ತೊದಲು, ಮೈ ಹಗುರ, ಕೂತಲ್ಲಿ ಕೂರದ ಜೀವ. ತಾಯಿ ಬ್ಯಾಂಕಿನಲ್ಲಿ ಕೆಲಸ, ಒಬ್ಬಂಟಿ ಹೆಂಗಸು. ಸಂಜೆ ಎಲ್ಲರಿಗಿಂತ ಕೊನೆಗೆ ಓಡಿಕೊಂಡು ಬರುತ್ತಿದ್ದಳು, ಬ್ಯಾಗಿನ ಪಟ್ಟಿ ಭುಜದಿಂದ ಜಾರಿರುತ್ತಿತ್ತು. ಬಟ್ಟೆ ಇಸ್ತ್ರಿಗೆ ನಮ್ಮಲ್ಲೇ ಕೊಡುತ್ತಿದ್ದಳು. ನಾನು ಅವಳನ್ನು ಮನಸ್ಸಿನಲ್ಲೇ ಬ್ಯಾಂಕಮ್ಮ ಎಂದು ಕರೆದು, ಅವಳ ಜಾಕೀಟಿನ ಕಾಲರನ್ನು ಸ್ವಲ್ಪ ಹೆಚ್ಚೇ ಅಕ್ಕರೆಯಿಂದ ತಿಕ್ಕುತ್ತಿದ್ದೆ.

ಗುಬ್ಬಿಯ ಅಪರಾಧ ಒಂದೇ. ಅವಳಿಗೆ ಮಧ್ಯಾಹ್ನ ನಿದ್ದೆ ಬರುತ್ತಿರಲಿಲ್ಲ. ಊಟವಾದ ಮೇಲೆ ಮಕ್ಕಳನ್ನೆಲ್ಲ ಹಿಂದಿನ ಕೋಣೆಯಲ್ಲಿ ಸಾಲಾಗಿ ಮಲಗಿಸಿ, ದಪ್ಪ ಪರದೆ ಎಳೆದು, ಮಿಸ್ ಒಬ್ಬಳು ಕಾವಲು ಕೂರುತ್ತಿದ್ದಳು. ಮಿಸ್ ಎಂದರೆ ಇನ್ನೂ ಚಿಕ್ಕ ಹುಡುಗಿ, ನಗುಮುಖ, ನೀಟಾಗಿ ಬಣ್ಣ ಹಚ್ಚಿದ ಉಗುರು, ಗೇಟಿನ ಹತ್ತಿರ ಎಲ್ಲ ತಾಯಂದಿರಿಗೂ ಬೇಕಾದವಳು. ಮಕ್ಕಳು ಮಲಗಿದರೆ ಆ ಹೊತ್ತು ಅವಳದು: ಫೋನು, ಊಟ, ಒಂದಿಷ್ಟು ಮಾತು. ಗುಬ್ಬಿ ಮಲಗದಿದ್ದರೆ ಅದಕ್ಕೆ ಸಂಚಕಾರ. ಒಬ್ಬಳು ಎದ್ದು ಕೂತರೆ ಪಕ್ಕದ್ದೂ ಏಳುತ್ತದೆ, ಅದರ ಪಕ್ಕದ್ದೂ ಏಳುತ್ತದೆ. ಹೀಗೆ ಒಂದು ದಿನ ಗುಬ್ಬಿ ಕೋಣೆಯಿಂದ ಹೊರಗೆ ಬಂದಾಗ ಅವಳ ತೋಳಿನ ಒಳಭಾಗದಲ್ಲಿ, ಅಂಗಿಯ ತೋಳು ಮುಚ್ಚುವ ಕಡೆ, ಕೆಂಪಗೆ ಬಾಗಿದ ಎರಡು ಗೆರೆ ಇದ್ದವು.

ಅತ್ತೆ ಆ ಸಂಜೆ ನನ್ನ ಜೊತೆ ಬಟ್ಟೆ ಮಡಿಸುತ್ತಾ ಅದನ್ನು ಹೇಳಿದರು. "ಉಗುರು ಕಣೇ. ಮಗು ಮಗುವನ್ನ ಪರಚಿದ್ರೆ ಉದ್ದಕ್ಕೆ ಗೀರು ಬೀಳುತ್ತೆ. ಇದು ಚಿವುಟಿರೋದು. ದೊಡ್ಡವರ ಬೆರಳು."

"ಮಿಸ್ಸಾ?"

"ಇನ್ಯಾರು? ಒಳಗೆ ಅವಳೊಬ್ಬಳೇ ಇರೋದು."

"ನೀವೇನು ಮಾಡಿದ್ರಿ?"

"ತಣ್ಣೀರು ಬಟ್ಟೆ ಇಟ್ಟೆ, ವ್ಯಾಸಲೀನ್ ಹಚ್ಚಿದೆ. ಸಂಜೆ ಹೊತ್ತಿಗೆ ಗೊತ್ತೇ ಆಗಲಿಲ್ಲ ನೋಡು."

ನಾನು ಕೇಳಿದ್ದು ಅದನ್ನಲ್ಲ. ಆದರೆ ಅವರ ಮುಖದಲ್ಲಿ ಕೆಲಸ ಚೆನ್ನಾಗಿ ಮುಗಿಸಿದವರ ಸಮಾಧಾನ ಕಂಡು ನನಗೆ ಮೈ ಉರಿಯಿತು. ಮಿಸ್‌ಗೆ ಹೇಳಿದಿರಾ ಎಂದೆ. ಹೇಳಿದ್ದರಂತೆ. "ಉಗುರು ಕತ್ತರಿಸ್ಕೊಳಮ್ಮ, ಮಕ್ಕಳ ಚರ್ಮ ಹೂವಿದ್ದಂಗೆ" ಎಂದಿದ್ದರಂತೆ. ಅವಳು "ಅಯ್ಯೋ, ಎತ್ತಿ ಮಲಗಿಸುವಾಗ ತಾಗಿರಬೇಕು ಅಜ್ಜಿ" ಎಂದು ನಕ್ಕಳಂತೆ. ಇವರೂ ನಕ್ಕು ಬಂದರು.

ತಾಗಿದ್ದು ಒಂದು ದಿನಕ್ಕೆ ನಿಲ್ಲಲಿಲ್ಲ. ಮತ್ತೆ ಮತ್ತೆ ತಾಗಿತು. ಒಂದೇ ಜಾಗ, ತೋಳಿನ ಒಳಗೆ, ಯಾರಿಗೂ ಕಾಣದ ಕಡೆ. ಕೆಲವು ಸಲ ಚರ್ಮ ಕಿತ್ತು ರಕ್ತ ಜಿನುಗಿರುತ್ತಿತ್ತು. ಅತ್ತೆ ಅಷ್ಟೂ ಸಲ ತೊಳೆದರು, ಹಚ್ಚಿದರು. ವಾಸಿಯಾಗಿ ಕಂದುಬಣ್ಣಕ್ಕೆ ತಿರುಗಿದ ಹಳೆಯ ಗುರುತುಗಳನ್ನು ದಿನಾ ಬೆರಳಿನಿಂದ ತಿಕ್ಕಿದರು. ಪಕ್ಕದಲ್ಲೇ ಹೊಸ ಗಾಯ ಇರುವಾಗ ಹಳೆಯದನ್ನು ತಿಕ್ಕಿದರೆ ನೋಯದೆ ಇರುತ್ತದೆಯೇ? ಗುಬ್ಬಿ ಕೊಸರಾಡುವಳು, ತೋಳು ಎಳೆದುಕೊಳ್ಳುವಳು. ಇವರು ಗಟ್ಟಿಯಾಗಿ ಹಿಡಿದುಕೊಂಡು, ತುಟಿಯ ಮೇಲೆ ಬೆರಳಿಟ್ಟು, "ಶ್... ಅಮ್ಮ ಬರೋ ಹೊತ್ತಿಗೆ ಮಾಯ" ಎನ್ನುವರು.

ಕೊನೆಗೆ ನನ್ನ ಕಾಟ ತಾಳಲಾರದೆ ಮೇಡಂಗೆ ಹೇಳಿದರು. ಮೇಡಂ ಬಾಗಿಲು ಹಾಕಿಕೊಂಡು ಕೇಳಿಸಿಕೊಂಡಳಂತೆ. "ನಾನು ಅವಳಿಗೆ ಬುದ್ಧಿ ಹೇಳ್ತೀನಿ. ಈಗ ಅವಳನ್ನ ಕಳಿಸಿದ್ರೆ ಇನ್ನೊಬ್ಬಳು ಎಲ್ಲಿ ಸಿಕ್ತಾಳೆ ಹೇಳಿ? ನೀವು ಸದ್ಯಕ್ಕೆ ಗುರುತು ಕಾಣದ ಹಾಗೆ ನೋಡ್ಕೊಳ್ಳಿ, ನಿಮ್ಮ ಕೈಯಲ್ಲಿ ಆಗುತ್ತಲ್ಲ" ಎಂದಳಂತೆ. ಆ ಕೊನೆಯ ಮಾತಷ್ಟೇ ಅತ್ತೆಗೆ ಸಾಕಿತ್ತು. ಹೊಗಳಿದರೆ ಕರಗಿಹೋಗುವ ಹೆಂಗಸು ಅವರು. ಮೇಡಂಗೆ ಅದು ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಬ್ಯಾಂಕಮ್ಮ ಗೇಟಿನ ಹತ್ತಿರ ಅತ್ತೆಯನ್ನು ತಡೆದು ನಿಲ್ಲಿಸಿದ್ದನ್ನು ನಾನೇ ನೋಡಿದೆ. ಮಗುವಿನ ತೋಳು ಎತ್ತಿ ಏನೋ ತೋರಿಸುತ್ತಿದ್ದಳು. ಅತ್ತೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. ರಾತ್ರಿ ಊಟಕ್ಕೆ ಮೊದಲು ಕೇಳಿದೆ.

"ಏನಂದ್ರು ಅತ್ತೆ?"

"ಮಗು ಮನೇಲಿ ತೋಳು ನೋವು ಅಂತಾಳಂತೆ, ಏನೋ ಕಂದುಗಟ್ಟಿದೆ, ಏನಿದು ಅಂತ ಕೇಳಿದ್ರು."

"ನೀವೇನಂದ್ರಿ?"

ಅವರು ತಟ್ಟೆ ಜೋಡಿಸುತ್ತಿದ್ದರು. ನನ್ನ ಮುಖ ನೋಡದೆ, "ಸೊಳ್ಳೆ ಕಚ್ಚಿರೋದು ಅಂದೆ" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಹೇಳುತ್ತಾನೆ. ಅವತ್ತು ಅದು ಮೂಗಿನ ತುದಿಯಲ್ಲಿ ನಿಲ್ಲಲಿಲ್ಲ. "ಸೊಳ್ಳೆ? ಬಣ್ಣ ಹಚ್ಚಿದ ಉಗುರಿನ ಸೊಳ್ಳೆಯಾ? ಅತ್ತೆ, ಆ ಮಗು ಅಮ್ಮನ ಹತ್ರ ಹೇಳ್ಕೊಳ್ಳೋಕೆ ನೋಡ್ತಿದೆ. ಅದಕ್ಕೆ ಮಾತು ಬರಲ್ಲ. ಅದರ ಹತ್ರ ಇರೋದು ಆ ಗುರುತೊಂದೇ. ಅದನ್ನೂ ನೀವು ದಿನಾ ಒರೆಸಿ ಕಳಿಸ್ತಿದ್ದೀರ. ನೀವು ವಾಸಿ ಮಾಡ್ತಿಲ್ಲ, ಮಿಸ್‌ಗೆ ನಾಳೆ ಚಿವುಟೋಕೆ ಜಾಗ ಮಾಡಿ ಕೊಡ್ತಿದ್ದೀರ!"

ನನ್ನ ಗಂಡ "ಏ, ಮಾತು ನೋಡ್ಕೊಂಡು ಆಡು" ಎಂದ. ಅತ್ತೆ ಅವನಿಗೆ ಕೈಸನ್ನೆಯಲ್ಲೇ ಸುಮ್ಮನಿರು ಎಂದರು. ನಾಳೆ ನಾನೇ ಹೋಗಿ ಆ ತಾಯಿಗೆ ಹೇಳುತ್ತೇನೆ ಎಂದೆ. "ಬೇಡ" ಎಂದರು. "ನೀನು ಹೇಳಿದ್ರೆ ಜಗಳ ಆಗುತ್ತೆ. ನಾನೇ ತೋರಿಸ್ತೀನಿ."

"ತೋರಿಸೋದಲ್ಲ ಅತ್ತೆ, ಬಾಯಿ ಬಿಟ್ಟು ಹೇಳಿ."

"ಹೇಳೋದೇನು? ಉಗುರಿನ ಗುರುತು ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಹೇಳಿದ್ರೆ ಚಾಡಿ ಅಂತಾರೆ. ಕಂಡ್ರೆ ಯಾರೂ ಇಲ್ಲ ಅನ್ನೋಕಾಗಲ್ಲ."

ಇದು ಅವರ ತಪ್ಪು, ಬದುಕಿಡೀ ಗಾಯಗಳನ್ನು ನೋಡಿದವರು ಮಾತ್ರ ಮಾಡಬಲ್ಲ ತಪ್ಪು. ಅವರಿಗೆ ಗುರುತು ಎಂದರೆ ಮಾತಾಡುವ ವಸ್ತು. ಎಲ್ಲಿ ಬಿದ್ದದ್ದು, ಹೇಗೆ ಬಿದ್ದದ್ದು, ಯಾವ ಮಗು ಕಚ್ಚಿದ್ದು, ಎಲ್ಲವನ್ನೂ ಅದು ಅವರಿಗೆ ಹೇಳುತ್ತಿತ್ತು. ಬೇರೆಯವರಿಗೂ ಹಾಗೇ ಹೇಳುತ್ತದೆ ಎಂದು ನಂಬಿಬಿಟ್ಟಿದ್ದರು. ಯಾರೋ ಚಿವುಟಿದ್ದಾರೆ ಎಂದಷ್ಟೇ ಅದು ಹೇಳಬಲ್ಲುದು, ಯಾರು ಎಂದು ಹೇಳಲಾರದು ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಗುಬ್ಬಿಯ ತೋಳಿನಲ್ಲಿ ಮತ್ತೆ ಹೊಸ ಗಾಯ. ಅತ್ತೆ ನೀರಿನಿಂದ ತೊಳೆದು ಅಷ್ಟಕ್ಕೇ ಬಿಟ್ಟರು. ತಣ್ಣೀರು ಬಟ್ಟೆ ಇಡಲಿಲ್ಲ, ಏನೂ ಹಚ್ಚಲಿಲ್ಲ. ಸಂಜೆ ಮಗುವಿನ ಅಂಗಿಯ ತೋಳನ್ನು ಭುಜದವರೆಗೆ ಮಡಿಸಿ, ತಾವೇ ಎತ್ತಿಕೊಂಡು ಗೇಟಿಗೆ ಬಂದರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ನೋಡುತ್ತಿದ್ದೆ. ಬ್ಯಾಂಕಮ್ಮ ಮಗುವನ್ನು ತೆಗೆದುಕೊಂಡಳು, ತೋಳು ನೋಡಿದಳು, ನಿಂತಲ್ಲೇ ನಿಂತಳು. ಅತ್ತೆ ಅವಳ ಮುಖವನ್ನೇ ನೋಡುತ್ತಾ ಕಾದರು. ಅವಳು ಏನೂ ಕೇಳದೆ, ಮಗುವನ್ನು ಎದೆಗೆ ಅವುಚಿಕೊಂಡು, ನೇರ ಮೇಡಂ ಕೋಣೆಗೆ ನುಗ್ಗಿದಳು. ಅತ್ತೆ ನನ್ನ ಕಡೆ ತಿರುಗಿ ನೋಡಿ, ಆಯಿತು ಎನ್ನುವಂತೆ ತಲೆಯಾಡಿಸಿದರು. ನನಗೂ ನೆಮ್ಮದಿಯಾಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಗೆ ಕರೆ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಬ್ಯಾಂಕಮ್ಮನ ಕೂಗು ಬೀದಿಗೆ ಕೇಳಿಸಿತು. ನಾನು ಮಗನನ್ನು ಕಂಕುಳಿಗೆ ಹಾಕಿಕೊಂಡು ರಸ್ತೆ ದಾಟಿದೆ. ಯಾರೂ ತಡೆಯಲಿಲ್ಲ. ಮೇಡಂ ಕೋಣೆಯ ಬಾಗಿಲು ತೆರೆದಿತ್ತು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕ್ಯಾಮೆರಾದ ಹಿಂದಿನ ದಿನಗಳ ಚಿತ್ರ ಓಡುತ್ತಿತ್ತು.

ಕ್ಯಾಮೆರಾ ಇದ್ದದ್ದು ಹಾಲ್‌ನಲ್ಲಿ. ಮಲಗುವ ಕೋಣೆಯಲ್ಲಿ ಇರಲಿಲ್ಲ. ಮಕ್ಕಳು ಮಲಗುವ ಕತ್ತಲಲ್ಲಿ ಏನು ಕಾಣುತ್ತದೆ ಎಂದು ಮೇಡಂ ಅಲ್ಲಿ ಹಾಕಿಸಿರಲಿಲ್ಲ. ಹಾಲ್‌ನ ಕಿಟಕಿ ಪಕ್ಕದ ಸ್ಟೂಲು ಮಾತ್ರ ಅದರಲ್ಲಿ ಕನ್ನಡಿಯಂತೆ ಕಾಣುತ್ತಿತ್ತು. ಮುದುಕಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಅದುಮಿ ಹಿಡಿದಿದ್ದಾಳೆ. ಅಂಗಿಯ ತೋಳು ಮೇಲೆ ಮಾಡಿ ತೋಳಿನ ಒಳಭಾಗವನ್ನು ಬೆರಳಿನಿಂದ ಒತ್ತುತ್ತಿದ್ದಾಳೆ. ಮಗು ಬಾಯಿ ತೆರೆದು ಅಳುತ್ತಿದೆ, ತೋಳು ಎಳೆದುಕೊಳ್ಳುತ್ತಿದೆ. ಮುದುಕಿ ಬಿಡುವುದಿಲ್ಲ. ತುಟಿಯ ಮೇಲೆ ಬೆರಳಿಟ್ಟು ಏನೋ ಹೇಳುತ್ತಾಳೆ. ಆಮೇಲೆ ಅಂಗಿಯ ತೋಳನ್ನು ಎಳೆದು ಮುಚ್ಚುತ್ತಾಳೆ. ಚಿತ್ರಕ್ಕೆ ಧ್ವನಿ ಇರಲಿಲ್ಲ. ಅವರನ್ನು ದಿನಾ ನೋಡುವ ನನಗೇ ಒಂದು ಕ್ಷಣ ಅದು ಚಿವುಟಿದ ಹಾಗೆ ಕಂಡಿತು, ಇನ್ನು ಆ ತಾಯಿಯ ಗತಿ ಏನು?

"ಅದು ಔಷಧಿ ಹಚ್ಚೋದು!" ಎಂದೆ ನಾನು. "ಮೇಡಂ, ನಿಮಗೆ ಎಲ್ಲಾ ಗೊತ್ತು. ಅತ್ತೆ ನಿಮಗೆ ಹೇಳಿದ್ರು. ಹೇಳ್ರಿ!"

ಮೇಡಂ ಕನ್ನಡಕ ತೆಗೆದು ಒರೆಸಿದಳು. "ಮಗುಗೆ ಏನೋ ಆಗಿದೆ ಅಂತ ಒಂದ್ಸಲ ಹೇಳಿದ್ರು, ಇಲ್ಲ ಅನ್ನಲ್ಲ. ಇಷ್ಟು ಅಂತ ಹೇಳಿರಲಿಲ್ಲ" ಎಂದಳು.

ಅತ್ತೆ ಬ್ಯಾಂಕಮ್ಮನ ಕಡೆ ತಿರುಗಿ, "ಚಿವುಟಿದ್ದು ಮಿಸ್, ಅಮ್ಮ. ಮಲಗೋ ಕೋಣೇಲಿ. ನಾನು ವಾಸಿ ಮಾಡ್ತಿದ್ದೆ" ಎಂದರು. ಅವರ ಧ್ವನಿ ಆಗಲೂ ಮೆತ್ತಗಿತ್ತು.

"ನಿನ್ನೆ ಸೊಳ್ಳೆ ಅಂದ್ರಲ್ಲ?"

ಅತ್ತೆ ನನ್ನ ಕಡೆ ನೋಡಿದರು.

"ನಾನು ಕೇಳಿದೆ ತಾನೆ? ನಿಮ್ಮನ್ನೇ ಕೇಳಿದೆ. ನೀವು ಅಜ್ಜಿ ತರ ಅಂತ ನಿಮ್ಮನ್ನೇ ನಂಬಿ ಕೇಳಿದೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಸೊಳ್ಳೆ ಅಂದ್ರಿ. ಈಗ ಸಿಕ್ಕಿಬಿದ್ದ ಮೇಲೆ ಆ ಹುಡುಗಿ ಮೇಲೆ ಹಾಕ್ತೀರಾ?"

ಮಿಸ್ ಬಾಗಿಲ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಅಳು ನಿಜವಾದ ಅಳುವೇ, ಭಯದ್ದು. ಯಾರೋ ಅವಳ ಬೆನ್ನು ಸವರುತ್ತಿದ್ದರು.

ಬ್ಯಾಂಕಮ್ಮ ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ, ತೋಳು ಮೆಲ್ಲನೆ ಮುಟ್ಟಿ, "ಯಾರು ಕಂದಾ? ಇಲ್ಲಿ ಯಾರು ಅಬ್ಬು ಮಾಡಿದ್ದು? ಅಮ್ಮಂಗೆ ತೋರಿಸು" ಎಂದಳು. ಗುಬ್ಬಿ ಸುತ್ತ ನೋಡಿದಳು. ಮಿಸ್ಸನ್ನು ನೋಡಿದಳು, ಕಣ್ಣು ತಪ್ಪಿಸಿದಳು. ಅತ್ತೆ ಕೂಡಲೇ ಮುಂದೆ ಬಂದು, "ಹೇಳು ಚಿನ್ನ, ಹೆದರಬೇಡ" ಎನ್ನುತ್ತಾ ರೂಢಿಯಂತೆ ಕೈ ಚಾಚಿದರು. ಆ ಕೈ ಕಂಡದ್ದೇ ತಡ, ಮಗು ಚಿಟ್ಟನೆ ಚೀರಿ, ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ತಾಯಿಯ ಕತ್ತಿಗೆ ಬಿತ್ತು. "ಅಜ್ಜಿ ಬೇಡ, ಅಜ್ಜಿ ಬೇಡ" ಎಂದಿತು. ತೊದಲು ಮಗು, ಆ ಎರಡು ಮಾತು ಮಾತ್ರ ಎಷ್ಟು ಸ್ಪಷ್ಟವಾಗಿ ಹೇಳಿತು!

ನಾನು ಆ ಮಗುವಿನ ಮೇಲೆ ಸಿಟ್ಟಾಗಲಾರೆ. ಅದು ಸುಳ್ಳು ಹೇಳಲಿಲ್ಲ. ಕತ್ತಲಲ್ಲಿ ಒಂದು ಗಳಿಗೆ ಚಿವುಟಿದವಳಿಗಿಂತ, ಬೆಳಕಿನಲ್ಲಿ ದಿನಾ ಅದೇ ಜಾಗವನ್ನು ಹಿಡಿದು ತಿಕ್ಕಿ, ಅಳಬೇಡ ಎಂದವಳೇ ಅದಕ್ಕೆ ನೋವಾಗಿ ಕಂಡಿದ್ದಳು.

"ನಿಮಗೂ ಮನೇಲಿ ಮೊಮ್ಮಗು ಇದೆಯಲ್ಲ" ಎಂದಳು ಬ್ಯಾಂಕಮ್ಮ, ನನ್ನ ಕಂಕುಳಿನ ಮಗನನ್ನು ನೋಡಿ. ಕೂಗಲಿಲ್ಲ, ಸಣ್ಣ ಧ್ವನಿಯಲ್ಲಿ ಹೇಳಿದಳು. ಅತ್ತೆ ಆಗಲೇ ಸೋತರು. ಅವರ ಚೀಲವನ್ನು ನಾನೇ ಎತ್ತಿಕೊಂಡು, ಅವರನ್ನು ನಡೆಸಿಕೊಂಡು ಬಂದೆ. ಮೇಡಂ ಪೋಲೀಸಿಗೆ ಹೇಳುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿದಳು. ಪೋಲೀಸರು ಬಂದರೆ ಮಲಗುವ ಕೋಣೆಗೂ ಬರುತ್ತಾರೆಂದು ಅವಳಿಗೆ ಗೊತ್ತಿಲ್ಲವೇ?

ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಬ್ಯಾಂಕಮ್ಮ ತನ್ನ ಉಳಿದ ಬಟ್ಟೆ ತೆಗೆದುಕೊಂಡು ಹೋಗಲು ಬಂದಾಗ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. "ನೀವು ಅವರ ಸೊಸೆ. ನೀವು ಹೀಗೆ ಹೇಳದೆ ಇನ್ನು ಹೇಗೆ ಹೇಳ್ತೀರ?" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, "ಇರಲಿ, ನೀವು ಹೇಳೋದೇ ನಿಜ ಅಂತ ಇಟ್ಕೊಳ್ಳೋಣ. ಅಷ್ಟು ದಿನ ನೋಡಿ ನೋಡಿ ನನಗೆ ಒಂದು ಮಾತು ಹೇಳದವರನ್ನ ಏನನ್ನಬೇಕು?" ಎಂದಳು. ಅವಳು ಮಗುವನ್ನು ಬೇರೆ ಕಡೆ ಸೇರಿಸಿದಳು. ಅಲ್ಲಿಯಾದರೂ ಮಲಗದ ಮಗುವನ್ನು ಮಲಗದೆ ಇರಲು ಬಿಡುವವರು ಇದ್ದಾರೋ ಇಲ್ಲವೋ. ಇಲ್ಲಿ ಮಿಸ್ ಈಗಲೂ ಸಂಜೆ ಗೇಟಿನಲ್ಲಿ ನಿಂತು ಕೈ ಬೀಸುತ್ತಾಳೆ. ನಾನು ಇಸ್ತ್ರಿ ಪೆಟ್ಟಿಗೆಯನ್ನು ಬೇಕೆಂದೇ ದಡ್ ಎಂದು ಇಡುತ್ತೇನೆ, ಅವಳು ಈ ಕಡೆ ತಿರುಗುವುದಿಲ್ಲ.

ಬೀದಿಯಲ್ಲಿ ಮಾತು ಹರಡಲು ಎಷ್ಟು ಹೊತ್ತು? ಅಂಗಡಿಗೆ ಬಂದವರು ನನ್ನ ಮುಖ ನೋಡಿ ಮಾತು ಬದಲಿಸುವರು. ಡಿಪೋದಲ್ಲಿ ನನ್ನ ಗಂಡನ ಕಿವಿಗೂ ಬಿತ್ತು. ಅವನು ಅಲ್ಲಿ ಒಬ್ಬನ ಕೊರಳಪಟ್ಟಿ ಹಿಡಿದು ಬಂದನಂತೆ. ಅಮ್ಮನ ಪರ ಹೊಡೆದಾಡಿದ ಮಗ ಎಂದು ನನಗೂ ಹೆಮ್ಮೆಯಾಯಿತು. ಅತ್ತೆ ಮನೆಯಲ್ಲೇ ಉಳಿದರು. ಇನ್ನು ಮೊಮ್ಮಗನನ್ನು ಅಂಗಡಿಗೆ ಒಯ್ಯುವುದೇಕೆ, ನಾನೇ ನೋಡಿಕೊಳ್ಳುತ್ತೇನೆ ಎಂದರು. ಹಗಲೆಲ್ಲ ಅವನ ಜೊತೆ ಕಳೆಯುತ್ತಾ, ಮೆಲ್ಲಗೆ ಮೊದಲಿನಂತೆ ಮಾತಾಡತೊಡಗಿದರು. ಹೋದದ್ದು ಹೋಯಿತು, ಈ ಒಂದು ಮಗುವಾದರೂ ಅವರ ಕೈಗೆ ಉಳಿಯಿತಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ.

ರಜೆಯ ದಿನ ಬೆಳಿಗ್ಗೆ ನನ್ನ ಗಂಡ ಮಗನಿಗೆ ಸ್ನಾನ ಮಾಡಿಸುತ್ತಿದ್ದ. ನಾನು ಬಚ್ಚಲಿನ ಹೊರಗೆ ಬಟ್ಟೆ ಹಿಂಡುತ್ತಿದ್ದೆ. ಅತ್ತೆ ಟವೆಲ್ ಹಿಡಿದು ಬಂದು ಬಾಗಿಲಲ್ಲಿ ನಿಂತರು, ನಿಂತವರು ಒಳಗೆ ಹೋಗಲಿಲ್ಲ. ಏನಾಯಿತೆಂದು ನಾನೂ ಇಣುಕಿದೆ. ನನ್ನ ಗಂಡ ಮಗುವಿನ ಒಂದು ತೋಳನ್ನು ಎತ್ತಿ, ಒಳಭಾಗವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದ. ಆಮೇಲೆ ಇನ್ನೊಂದು ತೋಳು. ಆಮೇಲೆ ತೊಡೆಯ ಸಂದು. ನಿಧಾನವಾಗಿ, ಗೇಟಿನ ಹತ್ತಿರದ ಆ ಅಪ್ಪ ಅಮ್ಮಂದಿರ ಹಾಗೆಯೇ. ತಲೆ ಎತ್ತಿ ತಾಯಿಯನ್ನು ಕಂಡವನು, "ಸೋಪು... ಸೋಪು ಉಳಿದಿದೆಯಾ ಅಂತ" ಎಂದ.

ಅತ್ತೆ ಟವೆಲನ್ನು ಅವನ ಕೈಗೆ ಕೊಡದೆ ನನ್ನ ಹೆಗಲ ಮೇಲೆ ಹಾಕಿ ಹೋದರು.

ನಾನು ಅವನನ್ನು ಅಡುಗೆಮನೆಗೆ ಎಳೆದು ತಂದು ಹಲ್ಲು ಕಚ್ಚಿ ಕೇಳಿದೆ. "ಹೆತ್ತ ತಾಯಿ ಮೇಲೆ ಅನುಮಾನವಾ?"

"ಅನುಮಾನ ಅಲ್ಲ ಕಣೇ" ಎಂದ. ಕಣ್ಣಲ್ಲಿ ನೀರಿತ್ತು. "ಎಲ್ಲರೂ ಹೇಳ್ತಾರೆ. ಒಂದ್ಸಲ ನೋಡಿಬಿಟ್ರೆ ಮನಸ್ಸು ನಿರಾಳ ಆಗುತ್ತೆ ಅಂತ ಅಷ್ಟೇ."

"ಆಯ್ತಾ ನಿರಾಳ?"

ಹೋಗಿ ಅಮ್ಮನ ಕಾಲು ಹಿಡಿದು ಬಾ ಎಂದೆ. ಹೋದ. ಅವರು ಅವನ ತಲೆ ಸವರಿ, "ಹೋಗ್ಲಿ ಬಿಡಪ್ಪ, ನಿನ್ನ ಮಗು, ನೋಡ್ಕೊಂಡ್ರೆ ತಪ್ಪೇನು?" ಎಂದರಂತೆ. ಕ್ಷಮಿಸಿಬಿಟ್ಟರು ಎಂದು ಅವನು ನಂಬಿದ. ಗಂಡಸರಿಗೆ ನಂಬುವುದು ಸುಲಭ.

ಅದಾದ ಕೆಲವೇ ದಿನಗಳಲ್ಲಿ, ನಾನು ಅಡುಗೆಮನೆಯಲ್ಲಿದ್ದಾಗ, ಹೊರಗೆ ಮಗ ಬಿದ್ದ ಸದ್ದಾಯಿತು. ಅಳು ಶುರುವಾಯಿತು. ಅತ್ತೆ ಅಲ್ಲೇ ಇದ್ದಾರಲ್ಲ ಎಂದು ನಾನು ಕದಲಲಿಲ್ಲ. ಅಳು ನಿಲ್ಲಲಿಲ್ಲ. ಆಮೇಲೆ ಅತ್ತೆಯ ಕೂಗು ಕೇಳಿಸಿತು. "ಬಾಮ್ಮಾ ಇಲ್ಲಿ, ಬೇಗ ಬಾ. ನಿನ್ನ ಮಗು ಬಿದ್ದಿದೆ."

ಓಡಿ ಬಂದೆ. ಅವನ ಮೊಣಕಾಲು ತರಚಿ ರಕ್ತ ಜಿನುಗುತ್ತಿತ್ತು. ಅವನು ಎದ್ದು ಹೋಗಿ ಅಜ್ಜಿಯ ಮಡಿಲಿಗೆ ಮುಖ ಒತ್ತಿ, ಸೀರೆ ಜಗ್ಗಿ ಜಗ್ಗಿ, ಎತ್ತಿಕೋ ಎಂದು ಅಳುತ್ತಿದ್ದ. ಅತ್ತೆ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಮೇಲೆತ್ತಿ ಹಿಡಿದಿದ್ದರು, ತಾವು ಮುಟ್ಟಿಲ್ಲ ಎಂದು ನನಗೆ ಕಾಣಲಿ ಎಂದು.